ಹದಿನಾರು ಪುಟದ ಕುಣಿತ

ತಾರೀಕು ಹನ್ನೊಂದು
ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮನಿಗೆ,

ಲಕೋಟೆ ದಪ್ಪಗಿದೆ ಅಂತ ಗಾಬರಿ ಬೀಳಬೇಡ. ನನ್ನ ಕೆಲಸ ಹೋಗಿಲ್ಲ, ಜ್ವರ ಬಂದಿಲ್ಲ, ಪೊಲೀಸರು ಹಿಡಿದುಕೊಂಡು ಹೋಗಿಲ್ಲ. ಇಸ್ತ್ರಿಪೆಟ್ಟಿಗೆ ಬಿಸಿಯಿದ್ದರೆ ಆರಿಸು. ಅಡುಗೆಮನೆಯ ಆ ಕುಂಟು ಸ್ಟೂಲಿನ ಮೇಲೆ ಬೇಡ, ಕುರ್ಚಿಯ ಮೇಲೆ ಸರಿಯಾಗಿ ಕೂತುಕೊಂಡು ಓದು.

ಎರಡು ವರ್ಷದಿಂದ ನಾವಿಬ್ಬರೂ ಬರೆದುಕೊಳ್ಳುತ್ತಿರುವುದು ಕಾಗದವಲ್ಲ ಅಮ್ಮ, ಹಾಜರಿ. ನಾನು ಚೆನ್ನಾಗಿದ್ದೇನೆ ಅಂತ ನಾನು, ನಾನೂ ಚೆನ್ನಾಗಿದ್ದೇನೆ, ಸ್ವೆಟರ್ ಹಾಕಿಕೋ ಅಂತ ನೀನು. ಇವತ್ತು ಹಾಜರಿ ಹಾಕುವುದಿಲ್ಲ. ನಿನಗೆ ಎರಡು ವಿಷಯ ಹೇಳಬೇಕು. ಒಂದು ಹೇಳಲು ಖುಷಿ, ಇನ್ನೊಂದು ಹೇಳಲು ನಾಚಿಕೆ. ಖುಷಿಯದ್ದು ಮೊದಲು: ನಾನು ಕುಣಿಯುತ್ತಿದ್ದೇನೆ. ಪ್ರತಿ ಶನಿವಾರ, ಎರಡೂವರೆಯಿಂದ ಐದೂವರೆವರೆಗೆ, ನಾನು, ನಿನ್ನ ಮಗಳು, ನೀನು ಗುಡುಗು ಅಂತ ಕರೆಯುತ್ತಿದ್ದವಳು.

ನಗು, ಪರವಾಗಿಲ್ಲ. ಇಲ್ಲಿ ಎಲ್ಲರೂ ನಕ್ಕಾಗಿದೆ.

ನಮ್ಮ ಬೈಂಡಿಂಗ್ ಖಾನೆಯ ಬಗ್ಗೆ ನಿನಗೆ ನಾನು ಸರಿಯಾಗಿ ಬರೆದೇ ಇಲ್ಲ. ಪುಸ್ತಕದ ಹದಿನಾರು ಪುಟ ಒಂದೇ ದೊಡ್ಡ ಹಾಳೆಯ ಮೇಲೆ ಅಚ್ಚಾಗಿ ಬರುತ್ತವೆ. ಅದಕ್ಕೆ ಒಂದು ಫಾರಂ ಅನ್ನುತ್ತೇವೆ. ಮೂರು ಸಲ ಮಡಚಿ ಮೂಳೆಯ ಪಟ್ಟಿಯಿಂದ ಒತ್ತಿ ಎಳೆದರೆ ಪುಟಗಳು ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಒಂದು ಮೇಜಿಗೆ ಮೊದಲನೇ ಫಾರಂ, ಪಕ್ಕದ ಮೇಜಿಗೆ ಎರಡನೆಯದು, ಹೀಗೆ. ಅಲ್ಲಿಂದ ಎಲ್ಲವೂ ಹೊಲಿಗೆಗೆ ಹೋಗುತ್ತವೆ. ಊರಿನ ಪ್ರೆಸ್ಸಿನಲ್ಲೂ ಇಲ್ಲೂ ನನ್ನ ಮೇಜಿಗೆ ಬರುವುದು ಮೊದಲನೇ ಫಾರಂ. ಮಡಚುತ್ತಾ ಮಡಚುತ್ತಾ ಓದಿದವಳು ನಾನು. ಕೂಲಿಯ ಬಗ್ಗೆ, ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ, ಜಗತ್ತು ಯಾಕೆ ಹೀಗಿದೆ ಅನ್ನುವುದರ ಬಗ್ಗೆ ನಾನು ಓದದ ಕಿರುಹೊತ್ತಿಗೆ ಇಲ್ಲ. ಆದರೆ ಎಲ್ಲವನ್ನೂ ಓದಿರುವುದು ಹದಿನಾರನೇ ಪುಟದವರೆಗೆ. ಇದು ನನಗೆ ಗೊತ್ತಾಗಿದ್ದು ಇತ್ತೀಚೆಗೆ. ನಿನಗೆ ಬಹುಶಃ ಮೊದಲೇ ಗೊತ್ತಿತ್ತು.

ಇಲ್ಲಿ ಶನಿವಾರ ಅರ್ಧ ದಿನ ಕೆಲಸ. ಊಟವಾದ ಮೇಲೆ ನಾವು ಹಾಳೆ ಮಡಚುವ ಮಡಿಕೆ ಹಾಲಿನ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ, ನೆಲದ ಕಾಗದದ ಚೂರು ಗುಡಿಸಿ, ಜನ ಕುಣಿಯುತ್ತಾರೆ. ಹಲವು ವರ್ಷದಿಂದ ಹಾಗೇ ನಡೆದು ಬಂದಿದೆಯಂತೆ. ಬೀದಿ ತುದಿಯ ಟೈಲರ್ ಅಕಾರ್ಡಿಯನ್ ತರುತ್ತಾರೆ, ರಿಟೈರಾದ ಮೇಷ್ಟ್ರೊಬ್ಬರು ಪಿಟೀಲು, ಪೋಸ್ಟಾಫೀಸಿನ ಒಬ್ಬರು ಡ್ರಮ್ಮು. ಯಾರೂ ಗುರುಗಳಲ್ಲ, ಯಾರೂ ಶಿಷ್ಯರಲ್ಲ. ಹಾಡು ಬದಲಾದರೆ ಜೋಡಿ ಬದಲಾಗುತ್ತದೆ, ಅಷ್ಟೇ.

ನಾನು ಇಲ್ಲಿ ಸೇರಿದ ವರ್ಷವೇ ಸಂಘದ ಸಭೆಯಲ್ಲಿ ಎದ್ದು ನಿಂತು ಒಂದು ಠರಾವು ಮಂಡಿಸಿದೆ. ಶನಿವಾರದ ಕುಣಿತ ನಿಲ್ಲಿಸಬೇಕು, ಆ ಮೂರು ಗಂಟೆ ಓದಿಗೆ ಮತ್ತು ಚರ್ಚೆಗೆ ಮೀಸಲಿಡಬೇಕು ಅಂತ. ಇಪ್ಪತ್ತು ನಿಮಿಷ ಮಾತಾಡಿದೆ. ಪರವಾಗಿ ನಾಲ್ಕು ಕೈ ಎದ್ದವು. ಅದರಲ್ಲಿ ಒಂದು ಕೈ ಬೆವರು ಒರೆಸಿಕೊಳ್ಳಲು ಎತ್ತಿದ್ದು ಅಂತ ಆಮೇಲೆ ಗೊತ್ತಾಯಿತು.

ಮರುವರ್ಷ ಮತ್ತೆ ಮಂಡಿಸಲು ಹೊರಟಾಗ ನಮ್ಮ ಕಾರ್ಯದರ್ಶಿ ನನ್ನನ್ನು ಪಕ್ಕಕ್ಕೆ ಕರೆದರು. ಹೊಲಿಗೆ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರು, ಎಲ್ಲರಿಗೂ ದೊಡ್ಡಕ್ಕ. ಏನಮ್ಮಾ, ಒಂದು ದಿನ ಆದರೂ ಕುಣಿದಿದ್ದೀಯಾ ಅಂದರು. ಇಲ್ಲ ಅಂದೆ. ಈಜು ಬಾರದವಳು ಕೆರೆ ಮುಚ್ಚಿ ಅಂತ ಅರ್ಜಿ ಕೊಟ್ಟ ಹಾಗಾಯ್ತು ಅಂದರು. ಒಂದು ಷರತ್ತು ಹಾಕಿದರು. ಆರು ಶನಿವಾರ ಬಾ, ನಿಂತು ನೋಡೋದಲ್ಲ, ಕುಣಿ. ಏಳನೇ ವಾರ ನಿನ್ನ ಠರಾವು ತಾ, ನಾನೇ ಅನುಮೋದಿಸ್ತೀನಿ ಅಂತ.

ಒಪ್ಪಿಕೊಂಡೆ. ಶತ್ರುವನ್ನು ಹತ್ತಿರದಿಂದ ನೋಡಿ ಸೋಲಿಸುತ್ತೇನೆ ಅಂದುಕೊಂಡೆ. ಕುಣಿಯಲು ಶೂ ಇದೆಯಾ ಅಂತ ಅವರು ಕೇಳಿದಾಗ, ನನ್ನ ಕಾಲಿಗಾಗುವುದು ಇಲ್ಲ ಅಂದೆ. ಅದು ಪೂರ್ತಿ ಸುಳ್ಳಲ್ಲ ಅಂತ ಆಮೇಲೆ ಗೊತ್ತಾಯಿತು. ಅದರ ಮಾತು ಕೊನೆಗೆ.

ನಿನ್ನ ಮಗಳು ಕುಣಿತ ಕಲಿಯಲು ಏನು ಮಾಡಿರಬಹುದು ಹೇಳು. ಪುಸ್ತಕ ಹುಡುಕಿದಳು. ಆಗಷ್ಟೇ ನಮ್ಮಲ್ಲಿ ಜೋಡಿ ಕುಣಿತ ಕಲಿಸುವ ಒಂದು ಚಿಕ್ಕ ಪುಸ್ತಕ ಬೈಂಡಿಂಗಿಗೆ ಬಂದಿತ್ತು. ಮಸಿ ಹರಡಿ ಕೆಟ್ಟ ಫಾರಂ ಒಂದು ರದ್ದಿಯಲ್ಲಿ ಬಿದ್ದಿತ್ತು, ಎತ್ತಿಕೊಂಡು ರೂಮಿಗೆ ತಂದೆ. ಅದರಲ್ಲಿ ಪಾದದ ಚಿತ್ರಗಳು, ಪಾದಕ್ಕೊಂದು ನಂಬರು, ಬಾಣದ ಗುರುತು. ಹಳೇ ಪೇಪರಿನಲ್ಲಿ ಹದಿನೆಂಟು ಪಾದ ಕತ್ತರಿಸಿ, ರೂಮಿನ ನೆಲಕ್ಕೆ ನಂಬರಿನ ಪ್ರಕಾರ ಅಂಟಿಸಿದೆ. ಮಂಚವನ್ನು ಬಾಗಿಲಿಗೆ ಒತ್ತಿದ್ದರಿಂದ ಬಾಗಿಲು ಅರ್ಧವೇ ತೆರೆಯುತ್ತಿತ್ತು. ಕೆಳಗಿನ ಮನೆಯಾಕೆ ಬಂದು, ಮೇಲೆ ಏನು ಕುಟ್ಟುತ್ತಿದ್ದೀಯ ಅಂತ ಕೇಳಿದರು. ಅಧ್ಯಯನ ಅಂದೆ.

ಮೊದಲನೇ ಶನಿವಾರ ಸ್ಟೋರ್ ಕೀಪರ್ ಬಂದು ಕೈ ಚಾಚಿದರು. ಮೂರರ ಲೆಕ್ಕದ ಜೋಡಿ ಕುಣಿತ, ವಾಲ್ಟ್ಜ್, ಶುರುವಾಯಿತು. ನಾನು ಪಾಠದಂತೆ ಎಡಗಾಲು ಮುಂದಿಟ್ಟೆ. ಅವರೂ ಎಡಗಾಲು ಮುಂದಿಟ್ಟರು. ಮಂಡಿಗೆ ಮಂಡಿ, ಹಣೆಗೆ ಹಣೆ. ಅವರ ಕನ್ನಡಕ ನನ್ನ ಕೂದಲಿಗೆ ಸಿಕ್ಕಿಕೊಂಡಿತು. ಕ್ಷಮಿಸಿ ಅಂತ ಮತ್ತೆ ಶುರು ಮಾಡಿದರು, ಮತ್ತೆ ಅದೇ. ನಾನು ಒಂದಿಷ್ಟೂ ತಪ್ಪಿರಲಿಲ್ಲ ಅಮ್ಮ. ಒಂದು ಎರಡು ಮೂರು ಅಂತ ಗಟ್ಟಿಯಾಗಿ ಎಣಿಸುತ್ತಿದ್ದೆ ಬೇರೆ. ನಿಮಗೆ ಸರಿಯಾಗಿ ಬರೋದಿಲ್ಲ ಅಂತ ಅವರಿಗೇ ಹೇಳಿದೆ. ಇಪ್ಪತ್ತು ವರ್ಷದಿಂದ ಕುಣಿಯುತ್ತಿರುವ ಮನುಷ್ಯ, ಪಾಪ, ಹಣೆ ಉಜ್ಜಿಕೊಳ್ಳುತ್ತಾ ಹೋಗಿ ಕೂತರು.

ಎರಡನೇ ಶನಿವಾರ ಇನ್ನಿಬ್ಬರು ಗಾಯಾಳುಗಳು. ಮೂರನೇ ಶನಿವಾರ ಯಾರೂ ಕರೆಯಲಿಲ್ಲ. ಇಲ್ಲಿನ ಪದ್ಧತಿಯಲ್ಲಿ ಗಂಡಸರು ಬಂದು ಕರೆಯಬೇಕು, ಹೆಂಗಸರು ಗೋಡೆಗೆ ಒರಗಿ ಕಾಯಬೇಕು. ಮೂರು ಗಂಟೆ ಗೋಡೆಗೆ ಒರಗಿದ್ದೆ. ನನ್ನ ಪಕ್ಕದಲ್ಲಿ ಪ್ರತಿ ವಾರ ಹಾಗೇ ಒರಗಿ ನಿಲ್ಲುವ ಇನ್ನೂ ಎಂಟು ಜನ ಇದ್ದರು. ಅವರ ಮುಖ ಅವತ್ತು ಸರಿಯಾಗಿ ನೋಡಿದೆ.

ಆ ಸಂಜೆ ದೊಡ್ಡಕ್ಕ ರೂಮಿಗೆ ಬಂದರು. ಅರ್ಧ ತೆರೆದ ಬಾಗಿಲಲ್ಲಿ ತೂರಿಕೊಂಡು ಒಳಗೆ ಬಂದು ನೆಲ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಫಾರಂ ಎತ್ತಿಕೊಂಡು ಕೊನೇ ಪುಟ ತಿರುಗಿಸಿದರು. ಲೇ, ಇದರ ಎರಡನೇ ಫಾರಂ ಎಲ್ಲಿ ಅಂದರು. ಅದು ನನ್ನ ಮೇಜಿಗೆ ಬರಲ್ಲ ಅಂದೆ. ಮೂವತ್ತೆರಡು ಪುಟದ ಪುಸ್ತಕ ಕಣೇ ಇದು, ಹದಿನಾರರವರೆಗೂ ಗಂಡಸಿನ ಹೆಜ್ಜೆ, ಹದಿನೇಳರಿಂದ ಹೆಂಗಸಿನ ಹೆಜ್ಜೆ, ನೀನು ಮೂರು ವಾರದಿಂದ ಗಂಡಸಾಗಿ ಕುಣೀತಿದ್ದೀಯ ಅಂದರು. ಹೇಳಿ ಮುಗಿಸುವ ಮೊದಲೇ ಮಂಚದ ಮೇಲೆ ಕುಸಿದು ನಗಲು ಶುರು ಮಾಡಿದರು. ಎಷ್ಟು ನಕ್ಕರೆಂದರೆ ಕೆಳಗಿನಾಕೆ ಮತ್ತೆ ಬಾಗಿಲು ತಟ್ಟಿದರು. ಇದೂ ಅಧ್ಯಯನವಾ ಅಂತ ಅವರ ಪ್ರಶ್ನೆ.

ನನಗೆ ಅಳು ಬಂತು. ಪಾದಗಳನ್ನೆಲ್ಲ ಕಿತ್ತು ಹೊಸದಾಗಿ ಕಲಿಯಬೇಕೇ ಅಂದೆ. ದೊಡ್ಡಕ್ಕ ಕಣ್ಣು ಒರೆಸಿಕೊಂಡು, ಯಾಕೆ ಕೀಳ್ತೀಯ, ಕಲಿತದ್ದು ಕಲಿತದ್ದೇ, ಮುಂದಿನ ವಾರ ನೀನು ಮುನ್ನಡೆಸು, ನಾನು ಹಿಂದೆ ಬರ್ತೀನಿ ಅಂದರು.

ನಾಲ್ಕನೇ ಶನಿವಾರ ಹಾಗೇ ಮಾಡಿದೆವು. ಎಲ್ಲರೂ ನೋಡಿದರು. ಹೆಜ್ಜೆ ಸರಿಯಾಗಿತ್ತು, ಆದರೆ ಕುಣಿತ ಆಗಲಿಲ್ಲ. ನಾನು ಎಣಿಸುತ್ತಿದ್ದೆ, ಈಗ ಎಡಕ್ಕೆ, ಈಗ ತಿರುಗಿ ಅಂತ ಆಜ್ಞೆ ಕೊಡುತ್ತಿದ್ದೆ, ನಡುನಡುವೆ ಕೂಲಿ ದರದ ವಿಷಯವನ್ನೂ ಮಾತಾಡುತ್ತಿದ್ದೆ, ಯಾಕೆಂದರೆ ಮೂರು ನಿಮಿಷ ಒಬ್ಬರು ಕೈಗೆ ಸಿಕ್ಕಿರುವಾಗ ಸುಮ್ಮನೆ ಕಳೆಯುವುದು ಹೇಗೆ. ಹಾಡು ಮುಗಿದಾಗ ದೊಡ್ಡಕ್ಕ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಂಡರು. ನೀನು ಕೈ ಹಿಡಿದಿರಲಿಲ್ಲಮ್ಮ, ದಸ್ತಗಿರಿ ಮಾಡಿದ್ದೆ ಅಂದರು. ನಿನ್ನ ಭುಜ ಕಿವಿಗೆ ಅಂಟಿದೆ, ಹಲ್ಲು ಕಚ್ಚಿದ್ದೀಯ, ಅಷ್ಟು ಹೊತ್ತು ಟೈಲರ್ ಏನು ಬಾರಿಸಿದರು ಹೇಳು ನೋಡೋಣ ಅಂದರು. ನಾಲ್ಕು ವಾರದಲ್ಲಿ ಒಂದು ಹಾಡನ್ನೂ ನಾನು ಕೇಳಿಯೇ ಇರಲಿಲ್ಲ.

ಐದನೇ ವಾರ ಕಟಿಂಗ್ ಮಾವ ಬಂದು ಎದುರು ನಿಂತರು. ಕಾಗದ ಕತ್ತರಿಸುವ ಮಷೀನಿನವರು, ನಿವೃತ್ತಿಗೆ ಎರಡು ವರ್ಷ ಇದೆ. ಮೂವತ್ತು ವರ್ಷ ನಾನೇ ಎಲ್ಲರನ್ನೂ ಎಳೆದುಕೊಂಡು ಹೋಗಿ ಸಾಕಾಗಿದೆ, ಇವತ್ತು ನೀನು ಎಳಿ ಅಂದರು. ಆದರೆ ಒಂದು ಮಾತು, ನನ್ನ ಎಡಗಿವಿ ಮಷೀನು ತಿಂದುಹಾಕಿದೆ, ಬಲಗಿವಿ ಯಾವಾಗಲೂ ವಾದ್ಯದ ಕಡೆ ಇರೋ ಹಾಗೆ ತಿರುಗಿಸು, ಇಲ್ಲದಿದ್ದರೆ ನಾನು ನಿಂತುಬಿಡ್ತೀನಿ ಅಂದರು. ನಾನು ಅವರ ಎಡಗಿವಿಗೆ, ಮಾವ, ಇದಕ್ಕೆ ಪರಿಹಾರ ಕೇಳಬೇಕಿತ್ತು ನೀವು, ಕಾನೂನಿದೆ ಅಂತ ಶುರು ಮಾಡಿದೆ. ನನ್ನ ತುಟಿ ಅಲುಗುವುದು ನೋಡಿ, ಈ ಕಿವಿ ಹಾಡಿಗೆ, ಆ ಕಿವಿ ನಿನಗೆ ಅಂದರು. ಆ ಕಿವಿ ಹನ್ನೊಂದು ವರ್ಷದಿಂದ ಕೇಳುವುದಿಲ್ಲ.

ಇನ್ನೇನು ಮಾಡಲಿ, ಬಾಯಿ ಮುಚ್ಚಿದೆ. ಹೆಜ್ಜೆ ಹೆಜ್ಜೆಗೂ ವಾದ್ಯ ಯಾವ ಕಡೆಯಿದೆ ಅಂತ ನೋಡಿಕೊಳ್ಳಬೇಕಾಯಿತು. ನೋಡಿದರೆ ಸಾಲದು, ತಿರುಗುವಾಗ ಕಣ್ಣು ತಪ್ಪುತ್ತದೆ, ಕೇಳಿಸಿಕೊಳ್ಳಬೇಕು. ಅಕಾರ್ಡಿಯನ್ ನನ್ನ ಬೆನ್ನಿಗೆ ಬಂತು, ಈಗ ಎಡ ಭುಜಕ್ಕೆ, ಈಗ ಎದುರು. ಡ್ರಮ್ಮು ಹಲಗೆಯ ನೆಲದಿಂದ ಹಿಮ್ಮಡಿಗೆ ಏರುತ್ತಿತ್ತು. ಎಣಿಸುವುದು ಯಾವಾಗ ನಿಂತಿತೋ ಗೊತ್ತಿಲ್ಲ. ಹಾಡಿನ ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ಮುಂಚೆ ಒಂದು ಚೂರು ಬಿಡುವು ಇರುತ್ತದಲ್ಲ, ಉಸಿರು ತೆಗೆದುಕೊಂಡ ಹಾಗೆ, ಅಲ್ಲಿ ಮಾವ ಕಾಲು ಎತ್ತಿ ಇಡದೆ ಕಾಯುತ್ತಿದ್ದರು. ಅವಸರ ಮಾಡಬೇಡ, ಅದು ಬರುತ್ತೆ, ಬರೋತನಕ ಇರು ಅಂದರು. ನನ್ನ ಜೀವಮಾನದಲ್ಲಿ ಯಾವುದಕ್ಕೂ ಹಾಗೆ ಕಾದವಳಲ್ಲ ನಾನು. ಗರ್ಭದಲ್ಲೂ ಕಾಯಲಿಲ್ಲ, ಎಂಟನೇ ತಿಂಗಳಿಗೇ ಬಂದೆ ಅಂತ ನೀನೇ ಹೇಳುತ್ತಿದ್ದೆ.

ಆ ರಾತ್ರಿ ಹಾಸಿಗೆಯಲ್ಲಿ ಮಲಗಿ ನನ್ನ ಭುಜ ಮುಟ್ಟಿ ನೋಡಿಕೊಂಡೆ. ಇಳಿದಿತ್ತು.

ಆರನೇ ಶನಿವಾರದ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ ನಾಚಿಕೆಯ ವಿಷಯ.

ನಿನಗೆ ಆ ದಿನ ಮರೆತಿರಲಾರದು. ಆಸ್ಪತ್ರೆಯ ಲಾಂಡ್ರಿಯ ಅಂಗಳ, ತಂತಿಯ ಮೇಲೆ ಒದ್ದೆ ಚಾದರಗಳು, ನಿನ್ನ ಜೊತೆ ಇಸ್ತ್ರಿ ಮಾಡುವ ಆರು ಜನ. ನೀನು ಭಾನುವಾರದ ಮಧ್ಯಾಹ್ನ ರೈಲ್ವೆಯವರ ಹಾಲಿಗೆ ಕುಣಿಯಲು ಹೋಗುವುದನ್ನು ನಾನು ಅವರೆಲ್ಲರ ಮುಂದೆ ಎತ್ತಿ ಆಡಿದೆ. ದುಡಿಯುವವರ ಕಾಲಿಗೆ ಬೇಕಾದ್ದು ಮೆರವಣಿಗೆ, ಕುಣಿತವಲ್ಲ ಅಂದೆ. ಕುಣಿಯಲು ತೆರೆದ ಕೈ ಮುಷ್ಟಿ ಕಟ್ಟುವುದಿಲ್ಲ ಅಂದೆ. ಅದು ಒಂದು ಕಿರುಹೊತ್ತಿಗೆಯ ಹದಿನಾರನೇ ಪುಟ. ಆಮೇಲೆ ಇನ್ನೊಂದು ಮಾತು ಅಂದೆ, ಯಾರದೋ ತೋಳಿನಲ್ಲಿ ಕಣ್ಣು ಮುಚ್ಚಿಕೊಂಡು ತಿರುಗುವವಳು ಅಂತ. ಆ ಮಾತು ಯಾವ ಹೊತ್ತಿಗೆಯಲ್ಲೂ ಇಲ್ಲ ಅಮ್ಮ. ಅದು ನನ್ನದೇ.

ನೀನು ಚಾದರದ ತುದಿ ಹಿಡಿದಿದ್ದೆ, ಅದನ್ನು ಮಡಚಿ ಮುಗಿಸಿದೆ. ಮುಂದಿನ ಭಾನುವಾರ ನೀನು ಕುಣಿಯುವ ಕಂದು ಶೂಗಳನ್ನು ಡಬ್ಬಿಗೆ ಹಾಕಿ ಕಪಾಟಿನ ಮೇಲಿಟ್ಟು, ಮಂಡಿ ನೋವು ಅಂದೆ. ನಾನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ನಿಜ ಏನೆಂದರೆ, ಅದಕ್ಕೆ ಒಂದು ವಾರ ಹಿಂದೆ ನಾನು ಆ ಹಾಲಿಗೆ ಬಂದಿದ್ದೆ. ಮನೆಯ ನಲ್ಲಿ ಮುರಿದು ನೀರು ಚಿಮ್ಮುತ್ತಿತ್ತು, ನಿನ್ನನ್ನು ಕರೆಯಲು ಓಡಿ ಬಂದೆ. ಬಾಗಿಲಲ್ಲೇ ನಿಂತೆ. ನೀನು ಬೀಗ ರಿಪೇರಿಯವರ ಜೊತೆ ಕುಣಿಯುತ್ತಿದ್ದೆ. ಅವರು ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ಕೈ ಹಿಡಿದು ತಿರುಗುತ್ತಿದ್ದರು. ನಿನ್ನ ಕಣ್ಣು ಮುಚ್ಚಿತ್ತು, ಬಾಯಿ ಅರ್ಧ ನಗುತ್ತಿತ್ತು. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಆ ಮೂರು ವರ್ಷದಲ್ಲಿ ನನಗೆ ಆ ಮುಖ ತೋರಿಸಿರಲಿಲ್ಲ ನೀನು. ಮನೆಯಲ್ಲಿ ನನ್ನ ಪಾಲಿಗೆ ಬರುತ್ತಿದ್ದುದು ದಣಿದ ಮುಖ, ರೈಲ್ವೆ ಹಾಲಿನ ಪಾಲಿಗೆ ಈ ಮುಖ ಅನ್ನಿಸಿತು. ನಾನು ನಿನ್ನನ್ನು ಕರೆಯದೆ ವಾಪಸ್ಸು ಹೋಗಿ, ನಲ್ಲಿಗೆ ಬಟ್ಟೆ ಕಟ್ಟಿದೆ.

ಸಿದ್ಧಾಂತ ಆಮೇಲೆ ಬಂದದ್ದು. ಮೊದಲು ಬಂದದ್ದು ಹೊಟ್ಟೆಕಿಚ್ಚು.

ಆರನೇ ವಾರದ ಮುಂಚೆ ನಾನು ಆ ಕಿರುಹೊತ್ತಿಗೆಯ ಎರಡನೇ ಫಾರಂ ಹುಡುಕಿದೆ. ಅದು ಇಲ್ಲೂ ಒಮ್ಮೆ ಬೈಂಡಿಂಗಿಗೆ ಬಂದಿತ್ತು, ಗೋದಾಮಿನಲ್ಲಿ ಹಳೇ ಪ್ರತಿ ಇರಬಹುದು ಅಂತ ಸ್ಟೋರ್ ಕೀಪರ್ ಹೇಳಿದರು. ಹಣೆಯ ಗಾಯ ಮರೆತು ಅರ್ಧ ಗಂಟೆ ನನ್ನ ಜೊತೆ ಧೂಳಿನಲ್ಲಿ ಹುಡುಕಿದರು. ಕುಣಿತದ ಪುಸ್ತಕದಂತೆ ಇದರಲ್ಲೂ ಉಳಿದರ್ಧ ಇರುತ್ತದೆ, ಹದಿನೇಳನೇ ಪುಟದಲ್ಲಿ ಬರೆದವರು ತಮ್ಮ ಮಾತು ತಿದ್ದಿಕೊಂಡಿರುತ್ತಾರೆ, ಆದರೆ, ಆದರೂ ಅಂತ ಏನೋ ಇರುತ್ತದೆ, ಅದನ್ನು ನಿನಗೆ ಕಳಿಸಿ ತಪ್ಪೆಲ್ಲ ಮಡಿಕೆಯದು ಅನ್ನಬಹುದು ಅಂದುಕೊಂಡಿದ್ದೆ. ಸಿಕ್ಕಿತು. ಹದಿನೇಳನೇ ಪುಟ ಶುರುವಾಗುವುದೇ ಕಾರ್ಖಾನೆಗಳ ಕಿಟಕಿಗಳ ಬಗ್ಗೆ. ಎಷ್ಟು ಅಗಲ ಇರಬೇಕು, ಎಷ್ಟು ಗಾಳಿ ಬರಬೇಕು ಅಂತ. ಕುಣಿತದ ಬಗ್ಗೆ ಮುಂದೆ ಒಂದಕ್ಷರ ಇಲ್ಲ. ಯಾರೂ ನನ್ನನ್ನು ಪಾರು ಮಾಡಲಿಲ್ಲ. ನನ್ನ ಅಭಿಪ್ರಾಯವನ್ನು ನಾನೇ ಬದಲಾಯಿಸಿಕೊಳ್ಳಬೇಕಾಯಿತು, ಕೈಯಲ್ಲಿ ಯಾವ ಪುಸ್ತಕವೂ ಇಲ್ಲದೆ.

ಆರನೇ ಶನಿವಾರ ದೊಡ್ಡಕ್ಕನ ಜೊತೆ ನಿಂತಿದ್ದೆ. ಟೈಲರ್ ಒಂದು ನಿಧಾನದ ಹಾಡು ಎತ್ತಿಕೊಂಡರು. ಎರಡು ಸಾಲು ಕಳೆಯುವಷ್ಟರಲ್ಲಿ ನನಗೆ ಗುರುತು ಸಿಕ್ಕಿತು. ನೀನು ಡಾಕ್ಟರುಗಳ ಬಿಳಿ ಕೋಟು ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲೆ ಇಸ್ತ್ರಿ ಮಾಡುತ್ತಿದ್ದೆಯಲ್ಲ, ನಾನು ಆ ಮೇಜಿನ ಕೆಳಗೆ ಕೂತಿರುತ್ತಿದ್ದೆ. ಆಗ ನೀನು ಗುನುಗುತ್ತಿದ್ದ ಹಾಡು. ಮೇಲಿಂದ ಇಸ್ತ್ರಿಪೆಟ್ಟಿಗೆಯ ಸದ್ದು: ಒತ್ತಿ ಉದ್ದಕ್ಕೆ ತಳ್ಳುವುದು, ಎತ್ತುವುದು, ಬಟ್ಟೆ ತಿರುಗಿಸುವುದು. ಒತ್ತು, ಎತ್ತು, ತಿರುಗಿಸು. ಮೂರು. ನಿನ್ನ ಕಾಲು ಕೆಳಗೆ ನನ್ನ ಮೂಗಿನ ಹತ್ತಿರ ಅದೇ ಲೆಕ್ಕಕ್ಕೆ ಅಲುಗುತ್ತಿತ್ತು. ಎಡ ಹಿಮ್ಮಡಿ, ಬಲ ಹಿಮ್ಮಡಿ. ಬರೀ ಕೆಲಸ ಅಂದುಕೊಂಡಿದ್ದೆ ಅದನ್ನು. ನೀನು ದುಡಿಯುತ್ತಲೇ ಕುಣಿಯುತ್ತಿದ್ದೆ.

ಹದಿನೆಂಟು ಪೇಪರ್ ಪಾದಗಳೂ ನನ್ನ ತಲೆಯಿಂದ ಎದ್ದು ಹೋದವು ಅಮ್ಮ. ನಾನು ಎಣಿಸಲಿಲ್ಲ. ನಾಲ್ಕು ವರ್ಷದ ಹುಡುಗಿ ಮೇಜಿನ ಕೆಳಗೆ ಕಲಿತದ್ದನ್ನು ಕಾಲು ಮರೆತಿರಲಿಲ್ಲ. ಒತ್ತಿ ಉದ್ದಕ್ಕೆ ಹೋದೆ, ಎತ್ತಿದೆ, ತಿರುಗಿಸಿದೆ. ದೊಡ್ಡಕ್ಕ ಹಗುರಾಗಿ ಬಂದರು, ಚಾದರ ಬಂದ ಹಾಗೆ. ಹಾಲಿನಲ್ಲಿ ಅಷ್ಟು ಜನರಿದ್ದರೂ ಯಾರಿಗೂ ತಾಗಲಿಲ್ಲ. ಪಿಟೀಲು ಮೇಲೆ ಹೋದಾಗ ನನ್ನ ಎದೆಯೂ ಮೇಲೆ ಹೋಯಿತು. ಬಿಡುವು ಬಂದಾಗ ಕಾದೆ, ಬರುತ್ತೆ ಅಂತ ಗೊತ್ತಿತ್ತು, ಬಂತು. ಏನನ್ನೂ ಸಾಧಿಸದ, ಯಾರನ್ನೂ ಒಪ್ಪಿಸದ ಮೂರು ನಿಮಿಷ. ಇಷ್ಟು ದಿನ ಅಂಥ ಮೂರು ನಿಮಿಷವನ್ನು ನಾನು ಸೋಮಾರಿತನ ಅಂತ ಕರೆದಿದ್ದೆ.

ಹಾಡು ಮುಗಿದ ಮೇಲೆ ದೊಡ್ಡಕ್ಕ ತಮ್ಮ ಕಾಲು ನೋಡಿಕೊಂಡು, ಒಂದು ಬೆರಳೂ ಹೋಗಿಲ್ಲ ಅಂದರು. ಆಮೇಲೆ, ಕಣ್ಣು ಮುಚ್ಚಿಕೊಂಡು ನಗ್ತಿದ್ದೆಯಲ್ಲ, ಆ ಮುಖ ಯಾರ ಹತ್ತಿರ ಕದ್ದೆ ಅಂತ ಕೇಳಿದರು. ನಮ್ಮ ಮನೆಯದೇ ಅಂದೆ.

ಏಳನೇ ವಾರ ಸಭೆಯಲ್ಲಿ ಅವರು ಮಾತು ಉಳಿಸಿಕೊಂಡರು. ಇವಳ ಠರಾವು ಏನಿದ್ದರೂ ನನ್ನ ಅನುಮೋದನೆ ಇದೆ ಅಂದರು. ಜನ ನಿಟ್ಟುಸಿರು ಬಿಟ್ಟರು, ಇಪ್ಪತ್ತು ನಿಮಿಷ ಅಂತ. ನಾನು ಎರಡೇ ಸಾಲು ಓದಿದೆ. ಶನಿವಾರದ ಕುಣಿತದಲ್ಲಿ ಯಾರು ಯಾರನ್ನು ಬೇಕಾದರೂ ಕರೆಯಬಹುದು. ಯಾರು ಬೇಕಾದರೂ ಮುನ್ನಡೆಸಬಹುದು. ಸ್ಟೋರ್ ಕೀಪರ್ ಎದ್ದು, ಹಾಗಾದರೆ ಗಂಡಸರು ಏನು ಮಾಡಬೇಕು ಅಂತ ಕೇಳಿದರು. ಕೂತು ರೆಸ್ಟ್ ತಗೊಳ್ಳಿ, ಬೆನ್ನು ನೋವು ಅಂತಿದ್ದಿರಲ್ಲ ಅಂತ ಗೋಡೆಯ ಕಡೆಯಿಂದ ಒಬ್ಬಾಕೆ ಅಂದರು. ಎಂಟು ಜನರಲ್ಲಿ ಒಬ್ಬರು ಆಕೆ, ಎರಡು ವರ್ಷದಲ್ಲಿ ಅವರ ದನಿ ನಾನು ಕೇಳಿದ್ದು ಅದೇ ಮೊದಲು. ನಲವತ್ತೊಂಬತ್ತು ಕೈ ಪರ, ಹನ್ನೆರಡು ವಿರೋಧ. ಕಟಿಂಗ್ ಮಾವ ಎರಡೂ ಕೈ ಎತ್ತಿದ್ದರು, ಒಂದನ್ನೇ ಎಣಿಸಿದೆವು.

ಈಗ ಗೋಡೆಗೆ ಯಾರೂ ಒರಗುವುದಿಲ್ಲ. ಸ್ಟೋರ್ ಕೀಪರನ್ನು ನಾನೇ ಕರೆದು ಕುಣಿಸಿದೆ. ಹಿಂದಕ್ಕೆ ಹೆಜ್ಜೆ ಹಾಕುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ ಅಂದರು.

ನಾನು ಪೂರ್ತಿ ಬದಲಾದೆ ಅಂತ ತಿಳಿಯಬೇಡ. ಗುಡುಗು ಗುಡುಗೇ. ಹೇಗೂ ಬಂದಿರುತ್ತಾರಲ್ಲ ಅಂತ, ಕುಣಿತಕ್ಕೆ ಅರ್ಧ ಗಂಟೆ ಮುಂಚೆ ಓದಿನ ಗುಂಪು ಸೇರಿಸಿದ್ದೇನೆ. ಹನ್ನೊಂದು ಜನ ಬರುತ್ತಾರೆ, ನಿಯಮ ಒಂದೇ, ಪುಸ್ತಕ ಕೊನೇ ಪುಟದವರೆಗೆ ಓದಬೇಕು. ಮೊದಲು ಓದಿದ್ದು ಆ ಕಿಟಕಿಯ ಅಧ್ಯಾಯ. ನಮ್ಮ ಮಡಿಕೆ ಹಾಲಿನ ಆರೂ ಕಿಟಕಿಗಳಿಗೆ ಮೊಳೆ ಹೊಡೆದಿದ್ದರು, ಗಾಳಿಗೆ ಹಾಳೆ ಹಾರುತ್ತವೆ ಅಂತ. ವಾರವಿಡೀ ಬೇಯುತ್ತಿದ್ದರೂ ಯಾರೂ ಕೇಳಿರಲಿಲ್ಲ. ಕುಣಿದು ಬೆವರಿದವರು ಕೇಳಿದರು. ಅರವತ್ತೊಂದು ಜನವೂ ಸಹಿ ಹಾಕಿದರು, ಆ ಹನ್ನೆರಡು ಮಂದಿಯೂ ಸೇರಿ. ಮೂರು ವಾರ ಅದು ಇದು ಅಂದರು ಮ್ಯಾನೇಜರು. ಮೊನ್ನೆ ಶುಕ್ರವಾರ ಬಡಗಿ ಬಂದು ಮೊಳೆ ಕಿತ್ತರು. ನಿನ್ನೆ ನಾವು ತೆರೆದ ಕಿಟಕಿಯಲ್ಲಿ ಕುಣಿದೆವು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಕುಣಿಯಲು ತೆರೆದ ಕೈ ಮುಷ್ಟಿ ಕಟ್ಟುವುದಿಲ್ಲ ಅಂತ ನಿನಗೆ ಹೇಳಿದ್ದೆನಲ್ಲ, ಅದು ತಪ್ಪು. ಲಾಂಡ್ರಿಯಲ್ಲಿ ನಿನ್ನ ಜೊತೆಯವರಿಗೂ ಇದನ್ನು ಓದಿ ಹೇಳು. ಅವರ ಮುಂದೆ ಅಂದದ್ದನ್ನು ಅವರ ಮುಂದೆಯೇ ವಾಪಸ್ಸು ತೆಗೆದುಕೊಳ್ಳಬೇಕು.

ಬರುವ ತಿಂಗಳ ಎರಡನೇ ಶನಿವಾರ ನಮ್ಮಲ್ಲಿ ಮನೆಯವರ ದಿನ. ಪ್ರತಿಯೊಬ್ಬರೂ ಮನೆಯವರನ್ನು ಕರೆತರುತ್ತಾರೆ. ಎರಡು ವರ್ಷವೂ ಆ ದಿನ ನಾನು ಒಬ್ಬಳೇ ಬಂದು ಮೇಜು ಸರಿಸಿ ಹೋಗಿದ್ದೇನೆ. ಬೆಳಗಿನ ಎಂಟರ ರೈಲು ಹಿಡಿದರೆ ಹನ್ನೆರಡಕ್ಕೆ ಇಲ್ಲಿರುತ್ತೀ. ಸ್ಟೇಷನ್ನಿಗೆ ಬರುತ್ತೇನೆ. ಆ ಹಾಡನ್ನು ಮೊದಲು ಬಾರಿಸಿ ಅಂತ ಟೈಲರಿಗೆ ಹೇಳಿದ್ದೇನೆ. ಮಂಡಿ ನೋವು ನಿಜವಾಗಿದ್ದರೆ ಕಿಟಕಿಯ ಪಕ್ಕ ಕೂತು ಕೇಳುವೆಯಂತೆ. ನಿಜವಲ್ಲದಿದ್ದರೆ ನೋಡು, ನನಗೆ ಬರುವುದು ಗಂಡಸಿನ ಹೆಜ್ಜೆ ಮಾತ್ರ, ನಿನಗೆ ಬರುವುದು ಹೆಂಗಸಿನದು. ಎರಡು ಫಾರಂ ಸೇರಿಸಿ ಹೊಲಿಯಲು ಇಷ್ಟೇ ಬೇಕಾಗಿರುವುದು.

ಬೀಗ ರಿಪೇರಿಯವರಿಗೆ ಬರಲು ಇಷ್ಟವಿದ್ದರೆ ಅವರನ್ನೂ ಕರೆದುಕೊಂಡು ಬಾ. ನಾನು ಅವರಿಗೂ ಒಂದು ಕ್ಷಮೆ ಕೇಳಬೇಕು. ಆದರೆ ಮೊದಲ ಮೂರು ಹಾಡು ನನ್ನದು.

ಸ್ವೆಟರ್ ಹಾಕಿಕೊಳ್ಳುತ್ತಿದ್ದೇನೆ.

ನಿನ್ನ
ಗುಡುಗು

ವಿ.ಸೂ.: ಇದು ಮರೆತು ಸೇರಿಸುತ್ತಿರುವುದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಾನು ಮನೆ ಬಿಟ್ಟ ಬೆಳಿಗ್ಗೆ ನೀನು ನೀರು ಹಿಡಿಯಲು ಹೋಗಿದ್ದಾಗ ಕುರ್ಚಿ ಹತ್ತಿ ನಿನ್ನ ಕಂದು ಶೂಗಳನ್ನು ತೆಗೆದುಕೊಂಡೆ. ನೆನಪಿಗಾಗಿ ಅಲ್ಲ. ನಾನಿಲ್ಲದಾಗ ನೀನು ಮತ್ತೆ ಆ ಹಾಲಿಗೆ ಹೋಗಬಾರದು ಅಂತ. ಡಬ್ಬಿಗೆ ತೂಕ ಬರಲಿ ಅಂತ ಒಳಗೆ ನನ್ನ ಮೊದಲನೇ ಫಾರಂಗಳನ್ನು ತುಂಬಿಟ್ಟೆ. ನೀನು ಕಪಾಟಿನ ಮೇಲೆ ವಾರವಾರವೂ ಧೂಳು ಹೊಡೆಯುವವಳು, ಡಬ್ಬಿ ತೆರೆಯದೆ ಇರಲಾರೆ. ಆದರೂ ಇಷ್ಟೊಂದು ಕಾಗದದಲ್ಲಿ ಒಂದರಲ್ಲೂ ಕೇಳಲಿಲ್ಲ. ಐದನೇ ಶನಿವಾರದ ಮುಂಚೆ ಅವನ್ನು ಹಾಕಿಕೊಳ್ಳಲು ನೋಡಿದೆ, ಹಿಮ್ಮಡಿ ಒಳಗೆ ಹೋಗಲಿಲ್ಲ, ನಿನ್ನ ಪಾದ ನನ್ನದಕ್ಕಿಂತ ಚಿಕ್ಕದು ಅಂತ ಅವತ್ತು ಗೊತ್ತಾಯಿತು. ಹೊಸ ಅಟ್ಟೆ ಹಾಕಿಸಿ ಪಾಲಿಶ್ ಮಾಡಿ ಕಿಟಕಿಯಲ್ಲಿ ಇಟ್ಟಿದ್ದೇನೆ. ಪಾರ್ಸೆಲ್ ಮಾಡುವುದಿಲ್ಲ. ನೀನು ಚಪ್ಪಲಿಯಲ್ಲಿ ಬಂದರೆ ಸಾಕು.